ಸಾಕಮ್ಮನ ಶ್ವಾಸಕೋಶ

ವರ್ಷಕ್ಕೊಮ್ಮೆ ಶ್ವಾಸಕೋಶ ತೊಳೆಸುವ ದಿನ. ಅಗರಬತ್ತಿ ಹೊಸೆಯುವ ಸಾಕಮ್ಮ ಅಲ್ಲಿಯವರೆಗೆ ಬಾಡಿಗೆಯ ಶ್ವಾಸಕೋಶದಲ್ಲಿ ಉಸಿರಾಡುತ್ತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ತೊಳೆಯುವ ದೇವೀರಮ್ಮ ತೊಳೆದ ಶ್ವಾಸಕೋಶವನ್ನು ತಟ್ಟೆಯಲ್ಲಿ ತಂದಿಟ್ಟಳು. ಮೂಸಿ ನೋಡಿಯೇ ತಮ್ಮದನ್ನು ಗುರುತಿಸಿಕೊಳ್ಳುವುದು ಅಲ್ಲಿಯ ರೂಢಿ. ಸಾಕಮ್ಮ ಮೂಸಿ, ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಅಕ್ಕಾ, ಅದಲುಬದಲು ಮಾಡ್ಬುಟ್ಟಿದ್ದೀರ. ನಂದು ಗಂಧದ ವಾಸ್ನೆ. ಇದು ಬೀಡಿ ನಾತ. ನಾನು ಬೀಡಿ ಮುಟ್ಟಿದೋಳೇ ಅಲ್ಲ."

"ನಿಂದೇ ಕಣವ್ವ. ಗಂಧ ನೀರಲ್ಲಿ ಹೋಯ್ತು. ಇದು ಎಷ್ಟು ತೊಳುದ್ರೂ ಹೋಗ್ನಿಲ್ಲ. ಮನೇಲಿ ಯಾರು ಸೇದ್ತಾರೆ?"

ಸಾಕಮ್ಮ ಕಿಟಕಿಯತ್ತ ತಿರುಗಿದಳು. ಹೊರಗೆ ಗಂಡ ಬೀಡಿ ಕಚ್ಚಿಕೊಂಡೇ ಕೂಸನ್ನು ಎದೆಗಾನಿಸಿ ತೂಗುತ್ತಿದ್ದ.

"ಕೂಸಿಂದೂ ತೊಳ್ಕೊಡಿ ಅಕ್ಕಾ," ಎಂದಳು.

"ಅಷ್ಟು ಎಳೇದನ್ನ ತೆಗುದ್ರೆ ತಿರುಗಾ ಹಾಕಕ್ಕಾಗಲ್ಲ, ತಾಯಿ."

ಕಿಟಕಿಯಾಚೆ ಗಂಡ ಇನ್ನೊಂದು ಬೀಡಿ ಹಚ್ಚಿದ. ಕೂಸು ಬಾಯಿ ಅಗಲಿಸಿ ಆಕಳಿಸಿತು.