ಕೇರಿ ಮುಂದೆ ಕೂರುವ ಗಾಡಿ

“ಬ್ಯಾರೆ ಎಲ್ಲೂ ಕೂಡಂಗಿಲ್ಲೋ ಇಮಾಮಸಾಬ, ಆ ಕೇರಿ ಮುಂದ ಅಷ್ಟ ಕುಸಿದು ಕುಂತುಬಿಡತೈತಿ!” ಎಂದರು ಧಣಿ.

ಅದು ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ನಿಲ್ಲುವ ಹಳೆಯ ಫೋರ್‌ವೀಲ್ ಗಾಡಿ. ಕೇರಿಗೆ ಹೋದರೆ ಧಣಿ ಇಳಿಯುತ್ತಿರಲಿಲ್ಲ. ಎತ್ತರದ ಸೀಟಿನಲ್ಲೇ ಕುಳಿತು, ಬಿಸಿಲಲ್ಲಿ ಕೈಕಟ್ಟಿ ನಿಂತವರ ಅಹವಾಲನ್ನು ತಾಸುಗಟ್ಟಲೆ ಕೇಳುತ್ತಿದ್ದರು. ಈಗ ಮಾತಿನ ನಡುವೆ ಗಾಡಿ ಮೆಲ್ಲಗೆ ತಗ್ಗಿ, ಧಣಿಯೇ ಕತ್ತೆತ್ತಿ ನೋಡಬೇಕಾಗುತ್ತಿತ್ತು. ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರಂತೆ.

ಮೆಕ್ಯಾನಿಕ್ ಇಮಾಮಸಾಬ ಚೀಲಗಳಿಗೆ ಸೋಪಿನ ನೀರು ಹಚ್ಚಿದ. ಒಂದರಲ್ಲಿ ಸಣ್ಣ ಗುಳ್ಳೆ ಎದ್ದಿತು. ಅಷ್ಟು ಸೋರಿಕೆಯನ್ನು ಕಂಪ್ರೆಸರ್ ತುಂಬಿಕೊಡುತ್ತಿತ್ತು. ಅದು ನಿಂತರೆ ಮಾತ್ರ ಗಾಡಿ ಕೂರಬೇಕು. ಬಾನೆಟ್ ಎತ್ತಿ ಫ್ಯೂಸಿನ ಡಬ್ಬಿ ತೆರೆದ. ಎಲ್ಲದರ ಮೇಲೂ ಧೂಳು ಕೂತಿತ್ತು. ಕಂಪ್ರೆಸರಿಗೆ ಕರೆಂಟು ಕೊಡುವ ರಿಲೇ ಮಾತ್ರ ಪದೇ ಪದೇ ಕಿತ್ತು ಹಾಕಿದಂತೆ ಫಳಫಳ ಹೊಳೆಯುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಡ್ರೈವರ್ ದುರ್ಗಪ್ಪನನ್ನು ಮೆಲ್ಲಗೆ ಕೇಳಿದ: “ಇಂಜಿನ್ನಿಗೆ ನೀರು ನೋಡೋ ನೆವದಾಗ ಇದನ್ನ ನೀನ ಕೀಳತಿಯಲ್ಲ?”

“ಹೂಂ ಕಾಕಾ. ಕೈಕಟ್ಟಿ ನಿಂತವರಾಗ ನಮ್ಮವ್ವನೂ ಇರತಾಳ. ಹೇಳೋದಿದ್ರ ಹೇಳ್ರಿ, ನೌಕರಿ ಹೋದ್ರ ಹೋಗಲಿ.”

“ಏನದು ಗುಸುಗುಸು? ಸಿಕ್ತೇನು?” ಧಣಿ ಹತ್ತಿರ ಬಂದರು.

ಇಮಾಮಸಾಬ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

“ಸಿಕ್ತ್ರಿ ಧಣ್ಯಾರ. ಗಾಡಿಗೆ ವಯಸ್ಸಾತು, ನಿಂತಲ್ಲಿ ನಿಮ್ಮ ಭಾರ ತಡಿಯಂಗಿಲ್ಲ. ಆ ಕೇರಿಗೆ ಹೋದಾಗ ನೀವು ಇಳಿದು, ಅವರ ಸರೀಕ ನಿಂತು ಮಾತಾಡ್ರಿ. ಇದಕ್ಕ ಬ್ಯಾರೆ ರಿಪೇರಿ ಇಲ್ಲ.”