ಮಂಜಿನಲ್ಲಿ ಹಿಡಿದ ಕೈ

ಅಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಜನವರಿಯಲ್ಲಿ ದೆಹಲಿ ನೋಡಲು ಬಂದಿದ್ದ ಪರಮೇಶಿ, ಬೆಳಿಗ್ಗೆಯೇ ಹೆಂಡತಿ ವಿಶಾಲಾಕ್ಷಿಯ ಮೇಲೆ ರೇಗಿದ್ದ. ಅವನ ಸ್ವೆಟರನ್ನು ಅವಳು ದಾವಣಗೆರೆಯಲ್ಲೇ ಮರೆತು ಬಂದಿದ್ದಳು. ನೋಡಲು ಹೊರಟಿದ್ದ ಉದ್ಯಾನ ತಲುಪುವವರೆಗೂ ಅವಳು ತುಟಿ ಬಿಚ್ಚಲಿಲ್ಲ.

ಒಳಗೆ ಎಂಥ ಮಂಜೆಂದರೆ, ಪಕ್ಕದವರ ಮುಖವೂ ಕಾಣುತ್ತಿರಲಿಲ್ಲ. ಶಾಲು ಹೊದ್ದು ನಡೆಯುತ್ತಿದ್ದವಳ ಕೈಯನ್ನು ಅವನು ಮೆಲ್ಲಗೆ ಹಿಡಿದುಕೊಂಡ.

“ನಿನ್ನನ್ನ ಬೈಬಾರದಿತ್ತು ಕಣೇ. ಸ್ವೆಟರ್ ನಾನೇ ಇಟ್ಕೋಬೇಕಿತ್ತು.”

ಅವನು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ಮನೇಲಿ ಎಲ್ಲಾ ನೀನೇ ಮಾಡ್ತೀಯ. ಅಮ್ಮನ ಗೊಣಗಾಟಾನೂ ಸಹಿಸ್ಕೋತೀಯ. ನೀನು ಸಿಕ್ಕಿದ್ದು ನನ್ನ ಪುಣ್ಯ.”

“ನಾನೇನೋ ಗೊಣಗೋದು?” ಎಂದು ಅಮ್ಮ ಕೈ ಕೊಸರತೊಡಗಿದಳು.

ಹಿಂದಿನಿಂದ ವಿಶಾಲಾಕ್ಷಿಯ ದನಿ ಬಂತು: “ಕೈ ಬಿಡಬೇಡಿ ಅತ್ತೆ, ಇನ್ನೂ ಸ್ವಲ್ಪ ಹೇಳಲಿ.”