ಟೀಚರ್ ಹೇಳದೆ ಬಿಟ್ಟ ಮಾತು

ವೆಂಕಪ್ಪನವರ ಬಾಯಿಂದ ಆ ಪದ ಬಿದ್ದದ್ದೇ ತಡ, ಸುಶೀಲ ಟೀಚರ್ ಮೈಕಿನ ಮುಂದೆ ಸುಮ್ಮನೆ ನಿಂತುಬಿಟ್ಟಳು. ಕೇರಳದ ಕಲೂರಿನ ಬಯಲಿನಲ್ಲಿ ಸೇರಿದ್ದ ಜನವೆಲ್ಲ ಅದರ ಮಲಯಾಳಕ್ಕಾಗಿ ಅವಳ ಮುಖವನ್ನೇ ನೋಡುತ್ತಿತ್ತು.

ಮೈಸೂರು ಕಡೆಯ ಕಾರ್ಮಿಕ ನಾಯಕ ವೆಂಕಪ್ಪನವರಿಗೆ ಮಲಯಾಳ ಒಂದಕ್ಷರವೂ ಬಾರದು, ಇಂಗ್ಲಿಷ್ ಬಾರದೆ ಇರಲಿಲ್ಲ. ಆದರೆ ಕೈ ಎತ್ತಿ ಬೈಯುವುದಕ್ಕೆ ಕನ್ನಡವೇ ಆಗಬೇಕು. ಜನ ಅವರನ್ನು ‘ನೇರ ಮಾತಿನ ವೆಂಕಪ್ಪ’ ಎನ್ನುತ್ತಿದ್ದರು, ಅವರೂ ಆ ಹೆಸರನ್ನು ಕೊರಳ ಹಾರದ ಹಾಗೆ ಹಾಕಿಕೊಂಡೇ ತಿರುಗುತ್ತಿದ್ದರು. ಅವರು ಆಡಿದ್ದನ್ನು ಸಾಲು ಸಾಲಾಗಿ ಮಲಯಾಳಕ್ಕೆ ತರುವ ಕೆಲಸ ಕಾಸರಗೋಡಿನಿಂದ ಬಂದು ಕಲೂರಿನ ಶಾಲೆಯಲ್ಲಿ ಟೀಚರಾಗಿದ್ದ ಸುಶೀಲಳದು. ಕೇರಳ ರಾಜ್ಯವಾಗಿ ಎರಡು ವರ್ಷ. ಈ ಎರಡು ವರ್ಷದಲ್ಲಿ ಪಕ್ಷದ ಯಾವ ವೇದಿಕೆಯಲ್ಲೂ ಅವಳು ಒಂದು ಪದಕ್ಕೂ ತಡವರಿಸಿದವಳಲ್ಲ. ನಾಡಿದ್ದಿನ ತಿರುವನಂತಪುರದ ದೊಡ್ಡ ಸಭೆಗೂ ಅವಳೇ ಎಂದು ಕಾರ್ಯದರ್ಶಿ ಉಪೇಂದ್ರ ಮಾತು ಕೊಟ್ಟಿದ್ದ. ಇವಳು ಆಗಲೇ ಸೀರೆಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದಳು.

ಈಗ ವೆಂಕಪ್ಪನವರು ಎದುರು ಪಕ್ಷದ ಶಾಸಕಿ ಸುಮಿತ್ರ ಅವರ ಮೇಲೆ ಹರಿಹಾಯ್ದಿದ್ದರು. ಬಂದರಿನ ಕೂಲಿ ಹೆಚ್ಚಾಗಿದೆ ಎಂದು ಆಕೆ ಶಾಸನಸಭೆಯಲ್ಲಿ ಹೇಳಿದ್ದು ಸುಳ್ಳು ಎನ್ನುವಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಿಗೆ ಕೂಲಿಯನ್ನು ಬಿಟ್ಟು ಆಕೆಯ ನಡತೆಗೆ ಹೋಯಿತು. ಬೀದಿ ಜಗಳದವರೂ ಹಿಂದೆ ಮುಂದೆ ನೋಡಿ ಆಡುವ ಪದವೊಂದು ಹೊರಬಿತ್ತು.

“ಹೇಳಮ್ಮಾ, ಹೇಳು,” ಎಂದು ವೆಂಕಪ್ಪನವರು ಅವಸರಪಡಿಸಿದರು.

“ಎಂತಾದ್ರೂ ಒಂದು ಹೇಳಿ ದಾಟಿಸಿ ಟೀಚರ್,” ಹಿಂದಿನ ಕುರ್ಚಿಯಿಂದ ಉಪೇಂದ್ರ ಪಿಸುಗುಟ್ಟಿದ. ಅವನೂ ಅವಳ ಊರಿನ ಕಡೆಯವನೇ.

ಮೆತ್ತಗಿನ ಪದ ಒಂದನ್ನು ಹಾಕಿ ದಾಟಿಸುವುದು ಅವಳಿಗೇನೂ ಕಷ್ಟವಿರಲಿಲ್ಲ. ಆದರೆ ಎದುರಿಗೆ, ಸಿಗಡಿ ಸುಲಿಯುವ ಹೆಂಗಸರು ಕೆಲಸದ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಕುಳಿತಿದ್ದರು. ಇವರ ಕಿವಿಗೆ ಹೊಲಸನ್ನೂ ಹಾಕಲಾರೆ, ಸುಳ್ಳನ್ನೂ ಹಾಕಲಾರೆ ಅನ್ನಿಸಿತು. ಅವಳು ಮೈಕಿನ ಹತ್ತಿರ ಸರಿದು, ಸ್ವಚ್ಛ ಮಲಯಾಳದಲ್ಲಿ ಹೇಳಿದಳು:

“ಇಲ್ಲಿ ನಾಯಕರು ಒಬ್ಬ ಹೆಂಗಸಿನ ಬಗ್ಗೆ ಒಂದು ಕೆಟ್ಟ ಮಾತು ಆಡಿದರು. ನನಗೆ ಅದು ಅರ್ಥವಾಗಿದೆ. ಅದನ್ನು ನಾನು ಹೇಳುವುದಿಲ್ಲ.”

ಸಿಗಡಿಯ ಹೆಂಗಸರಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು, ಅದು ಸಾಲಿನಿಂದ ಸಾಲಿಗೆ ಹಬ್ಬಿ ಬಯಲಿನ ತುದಿ ಮುಟ್ಟಿತು. ವೆಂಕಪ್ಪನವರ ಮುಖ ಅರಳಿತು. ಪಾಪ, ಅವರ ಆ ಪದಕ್ಕೆ ಮೈಸೂರಿನಲ್ಲೂ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ! ಎದೆ ಸೆಟೆಸಿ, ಅದನ್ನೇ ಇನ್ನೂ ಎತ್ತರದ ದನಿಯಲ್ಲಿ ಮತ್ತೊಮ್ಮೆ ಒಗೆದರು.

“ಅದನ್ನೇ ಇನ್ನೊಮ್ಮೆ ಹೇಳಿದರು,” ಎಂದಳು ಸುಶೀಲ. ಜನ ಬಿದ್ದು ಬಿದ್ದು ನಕ್ಕರು.

ಸಭೆ ಮುಗಿದದ್ದೇ, ವೇದಿಕೆಯ ಹಿಂದೆ ಉಪೇಂದ್ರ ಉರಿದುಬಿದ್ದ. “ಎಂತ ಮಾಡಿದ್ದು ಮಾರಾಯ್ರೆ ನೀವು! ಪಕ್ಷದ ಮಾನ ಹೋಯ್ತಲ್ಲ. ತಿರುವನಂತಪುರಕ್ಕೆ ನೀವು ಬೇಡ, ಮೋಹನ ಹೋಗ್ತಾನೆ. ಅವ ಹೇಳಿದ್ದನ್ನು ಹೇಳಿದ ಹಾಗೇ ಹೇಳ್ತಾನೆ.”

“ಏನಾಯ್ತು? ಏನ್ ಹೇಳಿದ್ಯಮ್ಮ ನೀನು?” ವೆಂಕಪ್ಪನವರು ಹಾರ ತೆಗೆಯುತ್ತ ಕೇಳಿದರು.

ಸುಶೀಲ ಒಂದಕ್ಷರ ಬಿಡದೆ ಹೇಳಿದಳು. ಅವರ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. “ನಾನು ನೇರ ಮಾತಿನವ್ನು ಕಣಮ್ಮ. ಒಳಗೊಂದು ಹೊರಗೊಂದು ನಂಗೆ ಬರಲ್ಲ.”

“ನಾನೂ ನೇರವೇ ಹೇಳಿದ್ದು ಸರ್. ಅವರು ಸುಳ್ಳು ಹೇಳಿದ್ರು ಅನ್ನಿ, ಸಾವಿರ ಸಲ ಬೇಕಾದ್ರೂ ಹೇಳ್ತೇನೆ. ಆ ಇನ್ನೊಂದು ನನ್ನ ಬಾಯಿಂದ ಬರ್ಲಿಕ್ಕಿಲ್ಲ.” ಅವಳ ತಲೆ ತಗ್ಗಲಿಲ್ಲ.

ಮನೆಗೆ ಬಂದು ಇಸ್ತ್ರಿಯ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಅಳು ಬಂತು. ಅಳುತ್ತಲೇ ತನ್ನ ಬಗ್ಗೆ ಎಂದೂ ಇಲ್ಲದ ಹೆಮ್ಮೆಯೂ ಆಯಿತು, ಮುಚ್ಚಿಡುವುದೇಕೆ!

ತಿರುವನಂತಪುರದ ಸಭೆಯ ದಿನ ಬೆಳಗಾಗುತ್ತಲೇ ಪಕ್ಷದ ಕಾರು ಅವಳ ಬಾಗಿಲಲ್ಲಿ ನಿಂತಿತು. ಹಿಂದಿನ ಸೀಟಿನಿಂದ ವೆಂಕಪ್ಪನವರು ತಲೆ ಹೊರಹಾಕಿದರು.

“ಹತ್ತಮ್ಮ. ಆ ಮೋಹನ ನಾನು ಹೇಳಿದ್ದನ್ನೆಲ್ಲ ಹೇಳ್ಬಿಡ್ತಾನಂತೆ. ನಂಗೀಗ ಅದೇ ಭಯ.”

ಸಂಜೆ ತಿರುವನಂತಪುರದ ಪಟ್ಟಂ ಬಯಲಿನಲ್ಲಿ ಅದೇ ಭಾಷಣ. ಮಾತು ಅದೇ ತಿರುವಿಗೆ ಬಂತು. “ಬಂದರಿನ ಕೂಲಿ ಹೆಚ್ಚಾಯ್ತು ಅಂದ ಆ…” ಎಂದವರೇ ವೆಂಕಪ್ಪನವರು ನಿಂತರು. ತೆರೆದ ಬಾಯಿ ತೆರೆದೇ ಇತ್ತು. ಪಕ್ಕಕ್ಕೆ ತಿರುಗಿ ಟೀಚರನ್ನು ನೋಡಿದರು. ಮೇಜಿನ ಮೇಲಿನ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.

“…ಆ ಶ್ರೀಮತಿ ಸುಮಿತ್ರ ಅವರು ಸುಳ್ಳು ಹೇಳ್ತಿದ್ದಾರೆ!”

ಸುಶೀಲ ಅದನ್ನು ಕೂದಲೆಳೆಯಷ್ಟೂ ಮೆತ್ತಗೆ ಮಾಡದೆ, ಮೈಕೇ ಬೇಡವೆನ್ನುವಷ್ಟು ಗಟ್ಟಿಯಾಗಿ, ಮಲಯಾಳದಲ್ಲಿ ಹೇಳಿದಳು.